ವಿಷಯ ಸಂಖ್ಯೆ ಏಳು

ನೋಹನ ನಾವೆ ನಿಂತ ಬೆಟ್ಟದ ಹೆಸರನ್ನು
ಕುರಿ ಹೊಡೆದುಕೊಂಡು ಬಂದ ಯಾವನೋ ಈ ಊರಿಗೆ ಇಟ್ಟ.
ನೀರೇ ಇಲ್ಲ ಇಲ್ಲಿ.
ಫೆಬ್ರವರಿಯ ಹುಲ್ಲು ಹಳೆಯ ಕಾಗದದ ಹಾಗೆ ಸದ್ದು ಮಾಡುತ್ತದೆ.
ಅರರಾಟ್‌ನ ಜನ ಆಕಾಶ ನೋಡುವುದು
ಪಾರಿವಾಳಕ್ಕಲ್ಲ, ಹೊಗೆಗೆ.

ನಗರಸಭೆಯಲ್ಲಿ ನಡಾವಳಿ ಬರೆಯುವವಳು ನಾನು. ಹನ್ನೊಂದು ವರ್ಷ.
ಯಾರು ಮಂಡಿಸಿದರು, ಯಾರು ಅನುಮೋದಿಸಿದರು,
ಪರ ಎಷ್ಟು, ವಿರೋಧ ಎಷ್ಟು.
ಕೆಮ್ಮು ಬರೆಯುವುದಿಲ್ಲ. ನಿಟ್ಟುಸಿರಿಗೆ ಕಾಲಮ್ಮಿಲ್ಲ.

ಆ ಮಂಗಳವಾರ ಆರನೆಯ ವಿಷಯ ಈಜುಕೊಳದ ಬೇಲಿ,
ಎಂಟನೆಯದು ಕಸದ ಡಬ್ಬಿಯ ಮುಚ್ಚಳದ ಬಣ್ಣ,
ನಡುವೆ ದೇವರು:
ಸಭೆಯ ಆರಂಭಕ್ಕೆ ಪ್ರಾರ್ಥನೆ ಇರಬೇಕೆ, ಬೇಡವೆ.

ಬೇಡ ಎಂದವಳು ಬೆರಿಲ್ ಟ್ರೆಂಗೋವ್,
ಭಾನುವಾರ ಎಲ್ಲರಿಗಿಂತ ಮೊದಲು ಚರ್ಚಿನ ಬೀಗ ತೆಗೆಯುವವಳು.
‘ನಾನು ಪ್ರಾರ್ಥಿಸುತ್ತೇನೆ, ನನಗೆ ಮೊಣಕಾಲಿದೆ.
ನಗರಸಭೆಗೆ ಎಲ್ಲಿದೆ?
ಮೊಣಕಾಲಿಲ್ಲದ್ದು ಬಾಗಲಾರದು.
ಬಾಗದೆ ಬೇಡಿದ್ದು ಬೇಡಿಕೆಯಲ್ಲ, ಪ್ರಕಟಣೆ.
ಆದ್ದರಿಂದ’
ಎಂದು, ಆ ಆದ್ದರಿಂದಕ್ಕೆ ಕನ್ನಡಕ ತೆಗೆದು ಮೇಜಿನ ಮೇಲಿಟ್ಟಳು.

ಇರಲಿ ಎಂದವನು ಡೆಸ್ಮಂಡ್ ಪ್ರೌಡ್‌ಫುಟ್,
ಉಣ್ಣೆ ಕತ್ತರಿಸುವ ಕಂಟ್ರಾಕ್ಟರು, ಮದುವೆಗೂ ಚರ್ಚು ಹತ್ತದವನು.
‘ದೇವರಿಲ್ಲ ಅಂತ ನನಗೆ ಹನ್ನೆರಡು ತುಂಬುವ ಮೊದಲೇ ಗೊತ್ತು.
ಆದರೂ ಆ ಒಂದು ನಿಮಿಷ
ಈ ಕೋಣೆಯಲ್ಲಿ ಒಂದು ಕುರ್ಚಿ ಖಾಲಿ ಇರುತ್ತದೆ.
ಅದನ್ನೂ ಎತ್ತಿ ಹಾಕಿದರೆ ಅಲ್ಲಿ ಕೂರುವವರು ಯಾರು?
ನಾವೇ.’

ಈ ಊರಲ್ಲಿ ಚಿನ್ನ ಕಂಡವರು ಚೀನಾದವರು,
ಅವರ ದೇವರಿಗೆ ಯಾವ ಕುರ್ಚಿ ಖಾಲಿಯಿತ್ತು
ಎಂದು ಕೊನೆಯಲ್ಲಿ ಕೂತವಳೊಬ್ಬಳು ಕೇಳಿದಳು.
ಉತ್ತರ ಬರಲಿಲ್ಲ.
ನಾನು ಬರೆದೆ: ಸದಸ್ಯರು ಮಾತನಾಡಿದರು.

ಬೆಟಗೇರಿಯ ಮಿಶನ್ ಶಾಲೆಯಲ್ಲಿ ಅಪ್ಪ
ಬೆಳಿಗ್ಗೆ ಸುವಾರ್ತೆ, ಮಧ್ಯಾಹ್ನ ತರ್ಕ ಹೇಳುತ್ತಿದ್ದ,
ಪಕ್ಕದ ಓಣಿಯ ಶಾಸ್ತ್ರಿಗಳಿಂದ ಕಡ ತಂದ ತರ್ಕ:
ಬೆಟ್ಟದಲ್ಲಿ ಬೆಂಕಿಯಿದೆ, ಹೊಗೆ ಕಾಣುವುದರಿಂದ, ಅಡಿಗೆಮನೆಯ ಹಾಗೆ.
‘ಖರೆ. ಆದ್ರ ಮೊದಲ ನೋಡ್ರಿ,
ಕಂಡದ್ದು ಹೊಗಿನೋ, ಮಂಜೋ, ಧೂಳೋ.
ಭಾಳ ಮಂದಿ ಸೋಲೂದು ಅಲ್ಲೇ.’
ಹಾಗಾದರೆ ದೇವರು, ಎಂದು ಕೇಳಿದ್ದೆ.
ಸೀಮೆಸುಣ್ಣದ ಕೈ ಜಾಡಿಸಿ ಅಂದ:
‘ಅದಕ್ಕ ಅಡಿಗಿಮನಿ ಸಿಗಂಗಿಲ್ಲವಾ.’

ಒಬ್ಬರು ಗೈರು. ಮೂರು, ಮೂರು.
ನಿರ್ಣಾಯಕ ಮತ ಮೇಯರ್ ಲೋರ್ನಾ ಕ್ವಿಗ್ಲಿಯದು.
ಪೆನ್ನಿನ ಮುಚ್ಚಳ ತೆಗೆದಳು, ಹಾಕಿದಳು, ತೆಗೆದಳು.
ಆಗ ಕಿಟಕಿಯ ಬದಿಯವನು ಎದ್ದ.

ಉತ್ತರದ ಗುಡ್ಡದ ಮೇಲೆ, ಸಂಜೆ ಬಿಸಿಲಲ್ಲಿ,
ಬೂದು ಬಣ್ಣದ ಒಂದು ಕಂಬ.

ಎಲ್ಲರೂ ಕಿಟಕಿಗೆ.
ಡೆಸ್ಮಂಡ್ ಫೋನು ಕಿವಿಗೊತ್ತಿಕೊಂಡ.
ಬೆರಿಲ್ ಕೇಳಿದ್ದು ಗಾಳಿ ಯಾವ ಕಡೆ ಎಂದಷ್ಟೇ,
ತಮ್ಮನ ಮನೆ ಆ ಗುಡ್ಡದ ಕೆಳಗೆ.
ಯಾರ ತುಟಿ ಅಲುಗಿತು, ಯಾರದಿಲ್ಲ,
ನಾನು ನೋಡಲಿಲ್ಲ.
ನೋಡಿದ್ದರೂ.

ಗಡಿಯಾರ ಮಾತ್ರ ನೋಡಿದೆ, ಅಭ್ಯಾಸ.
೭.೪೨. ೭.೪೩.
ನನ್ನ ಬಾಯಿ ಒಣಗಿ, ಅಪ್ಪನ ಮೂರು ಮಾತಲ್ಲಿ
ಕೊನೆಯದನ್ನೇ ಹಿಡಿದು ತಿರುಗುತ್ತಿತ್ತು:
ಧೂಳಾಗಲಿ, ಧೂಳಾಗಲಿ.
ಅದನ್ನು ಏನೆಂದು ಕರೆಯಲಿ?

ಧೂಳೇ.
ಬೆಂಕಿ ದಾಟದಿರಲೆಂದು ಯಾರೋ ಗುಡ್ಡದಂಚಿಗೆ
ಟ್ರ್ಯಾಕ್ಟರಿನಲ್ಲಿ ಬೋಳು ಗೆರೆ ಉಳುತ್ತಿದ್ದನಂತೆ.
ಸಮಯ ೭.೪೬.

ಏಳನೆಯ ವಿಷಯ ಮುಂದಿನ ತಿಂಗಳಿಗೆ ಎಂದಳು ಮೇಯರ್.
ಯಾರೂ ತಕರಾರು ತೆಗೆಯಲಿಲ್ಲ.
ಮುಚ್ಚಳ ನೇರಳೆ ಎಂದು ಒಮ್ಮತದ ತೀರ್ಮಾನವಾಯಿತು.

ರಾತ್ರಿ ಟೈಪು ಮಾಡುವಾಗ ಆ ನಾಲ್ಕು ನಿಮಿಷಕ್ಕೆ
ಇಂಗ್ಲಿಷಿನ ಒಂದು ಒಣ ಪದ ಹಾಕಿ ಮುಗಿಸಿದೆ.
ಬಾಗಿಲು ಮುಚ್ಚಿ ಕನ್ನಡದಲ್ಲಿ ಹೇಳಿ ನೋಡಿದೆ:
ಸಭೆ ನಾಲ್ಕು ನಿಮಿಷ ನಿಂತಿತ್ತು.
ನಡೆಯುತ್ತಿದ್ದದ್ದು ನಿಂತಿತ್ತೋ,
ಕೂತಿದ್ದದ್ದು ಎದ್ದು ನಿಂತಿತ್ತೋ,
ಬಿಡಿಸಿ ಬರೆಯಲು ಹೋಗಲಿಲ್ಲ.