ಗುರುವಾರ ರಾತ್ರಿಯ ನಕ್ಷೆ

ಹಳೆಯ ಸೈಟಿನ ನಕ್ಷೆ, ಹಿಂಬದಿ ಖಾಲಿ.
ರೂವಿಯ ನಮ್ಮ ಕೋಣೆಯ ನೆಲಕ್ಕೆ ಹಾಸಿ
ನಾಲ್ಕು ಮೂಲೆಗೆ ನಾಲ್ಕು ಭಾರ ಇಟ್ಟೆ:
ಉಪ್ಪಿನಕಾಯಿ ಬಾಟಲಿ, ಇಸ್ತ್ರಿಪೆಟ್ಟಿಗೆ,
ಶಂಸುವಿನ ಹೆಲ್ಮೆಟ್ಟು, ನನ್ನ ಮೊಣಕಾಲು.

ಇದು ರಿಯಾಮಿನ ಪಾರ್ಕು. ಇದು ದೊಡ್ಡ ಧೂಪದಾನಿಯ ಗೋಪುರ.
ಅದರ ಬೆನ್ನಿಗೇ ಕಾಲುದಾರಿ ಶುರು.
ಬಂಡೆಗಳ ಮೇಲೆ ಹಳದಿ ಬಿಳಿ ಕೆಂಪು ಪಟ್ಟಿ ಬಳಿದಿದ್ದಾರೆ;
ಪಟ್ಟಿ ತಪ್ಪಿತೋ, ಹಿಂದಿನ ಪಟ್ಟಿಗೆ ಮರಳುವುದು.
ಆಡಿನ ಜಾಡು ನಂಬಬಾರದು.
ಆಡಿಗೇನು, ಅದಕ್ಕೆ ಶನಿವಾರ ಡ್ಯೂಟಿಯಿಲ್ಲ.

ಏಳು ವರ್ಷದಿಂದ ಸರ್ವೆಯವರ ಕೋಲು ಹಿಡಿಯುವವ ನಾನು.
ದೂರದಲ್ಲಿ ಯಾರೋ ಒಂದು ಕಣ್ಣು ಮುಚ್ಚಿ ನನ್ನತ್ತ ನೋಡಿ
ಎಡಕ್ಕೆ, ಇನ್ನೂ ಎಡಕ್ಕೆ ಎಂದು ಕೈ ಬೀಸುತ್ತಾರೆ.
ನಾನು ನಿಂತ ಜಾಗದ ಎತ್ತರ ಅವರ ಪುಸ್ತಕಕ್ಕೆ ಇಳಿಯುತ್ತದೆ,
ನನಗೆ ಕಾಣುವುದು ಕೋಲು.
"ನಿನಗೆ ಇದೆಲ್ಲ ಗೊತ್ತುಂಟಲ್ಲ ಮಾರಾಯ" ಎಂದ ಶಂಸು.
ಗೊತ್ತಿಲ್ಲ.
ಗೊತ್ತಿದ್ದವನ ಹಾಗೆ ಪೆನ್ಸಿಲ್ಲು ಚೂಪು ಮಾಡಿದೆ.

ತಲಾ ಮೂರು ಲೀಟರು ನೀರು.
ಫೆಬ್ರವರಿ ತಂಪು ಎನ್ನುವವರು
ಹತ್ತು ಗಂಟೆಯ ಬಂಡೆಗೆ ಬೆನ್ನು ಕೊಟ್ಟು ನೋಡಲಿ.
ಅರ್ಧ ನೀರು ಫ್ರೀಜರಿಗೆ, ಬಂಗುಡೆಯ ಪಕ್ಕಕ್ಕೆ.
(ವಾಲೇರಿಯನ್ ಬೈದ. ಬಂಗುಡೆ ಅವನದು.)
ಶಂಸುವಿಗೆ ಹನ್ನೆರಡರ ಒಳಗೆ ಮತ್ರಾದಲ್ಲಿ ಇಳಿದಿರಬೇಕು,
ಕಾಲು ತೊಳೆದು ಜುಮ್ಮಾಕ್ಕೆ ಸೇರಬೇಕು.
ವಾಲೇರಿಯನ್ನನ ಪೂಜೆ ಸಂಜೆ ಆರಕ್ಕೆ,
ಅಷ್ಟರಲ್ಲಿ ಯಾರದೋ ಸಫಾರಿ ಸೂಟಿಗೆ ಕಾಜಾ ಹಾಕುವುದಿದೆ.
ಎರಡು ದೇವರ ನಡುವೆ ಸಿಕ್ಕಿದ ಸಮಯ
ನಕ್ಷೆಯಲ್ಲಿ ಒಂದು ಗೇಣು.

ಮೊದಲನೆಯ ನೋಟ, ಹತ್ತಿದ ಕೂಡಲೇ,
ಉಸಿರು ಬಾಯಿಗೆ ಬಂದಲ್ಲಿ.
ಕೆಳಗೆ ರಸ್ತೆ, ರಸ್ತೆಯಾಚೆ ಸಮುದ್ರ.
ಕೂರುವಂತಿಲ್ಲ. ಕೂತರೆ ವಾಲೇರಿಯನ್ ಏಳುವುದಿಲ್ಲ.
ಎರಡನೆಯದು ಏಣಿನ ನೆತ್ತಿ:
ಬಂದರು, ಬಿಳಿ ಹಡಗು, ಕೋಟೆಯ ಬೆನ್ನು.
ತಿಂಡಿ ಅಲ್ಲೇ. ಚಪಾತಿ, ಶೇಂಗಾ ಚಟ್ನಿ, ಖರ್ಜೂರ,
ಬೀಜ ಜೇಬಿಗೆ.
ಆಮೇಲೆ ಬರೀ ಇಳಿಜಾರು,
ಮಾಡಿಲ್ಲದ ಮನೆಗಳ ಒಂದು ಬಿಟ್ಟ ಊರು,
ನೀರಿದ್ದರೂ ಇರಬಹುದಾದ ಒಂದು ಗುಂಡಿ.

ಮೇಲಿನ ಮಂಚದಲ್ಲಿ ಗೋಡೆಗೆ ಮುಖ ಮಾಡಿದ್ದ ಬಸಣ್ಣೆಪ್ಪ
ಮೊದಲೇ ಹೇಳಿಬಿಟ್ಟಿದ್ದ:
"ನಾ ಯಾಕ ಬರ್ಲಿ? ಅರವತ್ತು ಮೀಟರ್ ಮ್ಯಾಲ ದಿನಾ ಕೂಡ್ತೀನಿ.
ಹಕ್ಕಿ ಬೆನ್ನು ನೋಡಿ ನೋಡಿ ಸಾಕಾಗೇದ."
ಅವನಿಗೆ ನಾವು ಒಂಬತ್ತು ಲೀಟರಿನಲ್ಲಿ ಲೆಕ್ಕ ಮುಗಿಸಿದ್ದೆವು.

ಈಗ ಮಂಚ ಕಿರುಗುಟ್ಟಿತು.
"ನಿನ್ನ ಆ ಎರಡನೇದ್ದರಿಂದ
ನನ್ನ ಕ್ರೇನು ಕಾಣತದೇನು?"

ಕೋಲು ಹಿಡಿದ ಏಳು ವರ್ಷ ಮೊದಲ ಸಲ ಕೆಲಸಕ್ಕೆ ಬಂತು.
ಬಂದರಿನ ಹಿಂದೆ ಏಳುತ್ತಿರುವ ಹೋಟೆಲಿಗೆ ಚುಕ್ಕೆ ಇಟ್ಟೆ,
ಹಲ್ಲುಜ್ಜುವ ಬ್ರಶ್ಶಿನಿಂದ ಗೆರೆ ಎಳೆದೆ.
ನಡುವೆ ಒಂದು ಗುಡ್ಡದ ಭುಜ ಅಡ್ಡ ಬಂತು.
ಎರಡನೆಯದರಿಂದ ಕಾಣಲಿಕ್ಕಿಲ್ಲ ಎಂದೆ,
ಇನ್ನೊಂದು ಏಣು ಆಚೆ ಹೋದರೆ, ಬಹುಶಃ.
ಅಲ್ಲಿ ಬಳಿದ ಪಟ್ಟಿ ಇದೆಯೋ ಇಲ್ಲವೋ.

"ಶುಕ್ರವಾರ ಖಾಲಿ ಇರತದಲ್ಲ," ಎಂದ ಬಸಣ್ಣೆಪ್ಪ,
"ಒಳಗ ಯಾರೂ ಇರಂಗಿಲ್ಲ.
ಹಂಗ ಅದನ್ನ ಒಮ್ಮೆ ನೋಡಬೇಕು ನಾ."

ಯಾರೂ ನಗಲಿಲ್ಲ.
ಹೊರಡುವ ಹೊತ್ತು ಐದೂವರೆಯಿಂದ ಐದಕ್ಕೆ ಬಂತು,
ನೀರು ಹನ್ನೆರಡು ಲೀಟರಿಗೆ ಏರಿತು,
ಬಂಗುಡೆಯನ್ನು ವಾಲೇರಿಯನ್ನನೇ ಹೊರಗೆ ತೆಗೆದು
ಸಾರಿಗೆ ಈರುಳ್ಳಿ ಹೆಚ್ಚಲು ಕೂತ.

ದೀಪ ಆರಿಸಿದ ಮೇಲೆ ಕತ್ತಲೆ ಕೇಳಿತು:
"ಸರ್ವೆ ಆಫೀಸಿನ ದುರ್ಬೀನು ಸಿಗತದೇನಪಾ?"
ನೋಡೋಣ ಎಂದೆ.
ಸ್ಟೋರಿನ ಕೀಲಿ
ನನ್ನ ತಲೆದಿಂಬಿನಡಿಯೇ ಇತ್ತು.