ಲಾಂಡ್ರಿ ಪುಸ್ತಕ

ನಮ್ಮದು ಸಂಘವೆಂದರೆ ಸಂಘವೂ ಅಲ್ಲ.
ನೋಂದಣಿ ಇಲ್ಲ, ಮೊಹರಿಲ್ಲ, ಬೋರ್ಡು ಹಾಕುವಂತಿಲ್ಲ.
ಶುಕ್ರವಾರ ಅಸರ್ ನಮಾಜು ಮುಗಿದ ಮೇಲೆ
ವಾದಿ ಅದೈಯ ತಿರುವಿನಲ್ಲಿ, ಇದಿನಬ್ಬನ ಇಸ್ತ್ರಿ ಅಂಗಡಿಯ
ಹಿಂದಿನ ಕೋಣೆಯಲ್ಲಿ ಐದು ಪ್ಲಾಸ್ಟಿಕ್ ಕುರ್ಚಿ,
ಒಂದು ಕಬ್ಬಿಣದ ಕಪಾಟು, ಸುಲೈಮಾನಿ ಚಾ.
ವರದಿ ಬರೆಯುವವಳು ನಾನು,
ಅಕ್ಷರ ದುಂಡಗಿದೆ ಎಂಬ ಒಂದೇ ಕಾರಣಕ್ಕೆ.

ಕಪಾಟಿನಲ್ಲಿ ಏನುಂಟು ಎಂದರೆ,
ನೀರಿನ ಟ್ಯಾಂಕರಿನ ಹಳೆಯ ಚೀಟಿಗಳು.
ಈಗಿಲ್ಲದ ಹದಿನೇಳು ಮನೆಗಳ ಬೀಗದಕೈ:
ಬಾಗಿಲು ಬುಲ್ಡೋಜರಿಗೆ ಹೋಯಿತು, ಕೈ ಜೇಬಿನಲ್ಲೇ ಉಳಿಯಿತು.
ಒಂದು ಕ್ಯಾಸೆಟ್. ಅದರಲ್ಲಿ ಲಿಲ್ಲಿಬಾಯಿ ಗಂಡನಿಗೆ
ನಾಯಿ ಮರಿ ಹಾಕಿದ ಸುದ್ದಿ ಹೇಳುತ್ತ ಹೇಳುತ್ತ
ಹಾಲು ಉಕ್ಕಿತೆಂದು ಎದ್ದು ಓಡುತ್ತಾಳೆ.
ಮುಂದೆ ನಾಲ್ಕು ನಿಮಿಷ ಬರೀ ಕಾಗೆ.
ನಾವು ಅದನ್ನೂ ಪೂರ್ತಿ ಕೇಳುತ್ತೇವೆ.

ಸಾಲಿಂ ಬಿನ್ ಮುಬಾರಕ್ ಹುಟ್ಟಿದ್ದು ಜಂಜಿಬಾರಿನಲ್ಲಿ.
ಲೆಕ್ಕ ಸ್ವಾಹಿಲಿಯಲ್ಲಿ, ಬೈಗುಳ ಅರಬಿಯಲ್ಲಿ,
ನಮ್ಮೊಂದಿಗೆ ಮುರುಕು ಹಿಂದಿ.
"ನಾನೂ ಹಡಗಿನಿಂದ ಇಳಿದವನೇ" ಅನ್ನುತ್ತಾರೆ.
ನಕ್ಷೆ ಬರೆಸಿದವರು ಅವರೇ: ಇಲ್ಲೊಂದು ಗಾಫ್ ಮರ,
ಇಲ್ಲಿ ಬಲೂಚಿ ಗುಲ್‌ಬೀಬಿಯ ತಂದೂರು,
ಇಲ್ಲಿ ಒಣ ತೊರೆಯ ಹೊಟ್ಟೆಯೊಳಗೆ ಕ್ರಿಕೆಟ್ಟು,
ಎಡಕ್ಕೆ ಹೊಡೆದರೆ ಬೆಟ್ಟ,
ಬಲಕ್ಕೆ ಹೊಡೆದರೆ ಪೊಲೀಸ್ ಜೀಪು.

ಗೋನು ಚಂಡಮಾರುತದ ಜೂನಿನಲ್ಲಿ
ಒಣ ತೊರೆಗೆ ತನ್ನ ಹೆಸರು ನೆನಪಾಯಿತು.
ಕಾರುಗಳನ್ನು ಹೊತ್ತುಕೊಂಡು ಬಂದ ನೀರು
ಅಂಗಡಿಯೊಳಗೆ ಎದೆಮಟ್ಟ ನಿಂತು ಹೋಯಿತು.
ಆಮೇಲೆ ಇದಿನಬ್ಬ ಮೂವತ್ತು ವರ್ಷದ ಲಾಂಡ್ರಿ ಪುಸ್ತಕಗಳನ್ನು
ಕೆಸರಿನಿಂದ ಎತ್ತಿ, ಕರೆಂಟು ಬಂದ ದಿನವೇ
ಒಂದೊಂದು ಹಾಳೆಗೂ ಇಸ್ತ್ರಿ ಹಾಕಿದ.
ನೋಡಲು ನಿಂತವರು ನಾವು.
ಸಂಘ ಶುರುವಾದದ್ದು ಹಾಗೆ.

"ಎರಡು ವರ್ಷದ ವೀಸಾಕ್ಕೆ ಎಂಥ ಚರಿತ್ರೆ ಮಾರಾಯ?"
ಮೋಂತು ಡಿಸೋಜ ಪ್ರತಿ ಸಭೆಯಲ್ಲೂ ಕೇಳುತ್ತಾನೆ.
ಸಭೆ ಮಾತ್ರ ಒಂದೂ ತಪ್ಪಿಸುವುದಿಲ್ಲ.

ಹೋದ ಶುಕ್ರವಾರ ಆಸ್ಪತ್ರೆಯ ನರ್ಸ್ ಒಬ್ಬಳು ಬಂದಳು, ರಮ್ಲತ್.
ತಂದೆ ಮೊಯ್ದುಕುಂಞಿ ಇಲ್ಲಿದ್ದರಂತೆ,
ಅವಳ ಬಳಿ ಇದ್ದದ್ದು ಒಂದು ವಿಳಾಸ: ಇಸ್ತ್ರಿ ಅಂಗಡಿಯ ಮೇಲೆ.
ಕಂಪನಿ ಮುಚ್ಚಿದೆ. ಮೇಲೆ ಈಗ ಆಕಾಶ.

ಪುಸ್ತಕ ತೆಗೆದೆವು. ಎಂಬತ್ತಾರು, ಎಂಬತ್ತೇಳು.
ಪ್ರತಿ ಬುಧವಾರ: ಬಿಳಿ ಅಂಗಿ ಒಂದು, ಗಂಜಿ ಜಾಸ್ತಿ.
"ಇವರು ಅಪ್ಪ ಅಲ್ಲ" ಎಂದಳು.
"ಊರಲ್ಲಿ ಬನಿಯನ್ನು ಬಿಟ್ಟು ಬೇರೆ ಹಾಕಿದ್ದು
ನಾನು ಕಂಡದ್ದೇ ಇಲ್ಲ."
ಸಾಲಿಂ ಕನ್ನಡಕ ಒರೆಸಿಕೊಂಡರು.
ಗುರುವಾರ ಸಂಜೆ ಟೆಲಿಫೋನ್ ಬೂತಿನ ಕ್ಯೂನಲ್ಲಿ
ಬಿಳಿ ಅಂಗಿಯವನೊಬ್ಬ ನಿಲ್ಲುತ್ತಿದ್ದ,
ಸರದಿ ಬಂದಾಗ ಕಾಲರು ಸರಿಮಾಡಿಕೊಂಡೇ ಒಳಗೆ ಹೋಗುತ್ತಿದ್ದ.
"ಅದು ಬೇರೆ ಯಾರೋ" ಎಂದ ಮೋಂತು,
"ಅವನು ಉಳ್ಳಾಲದ ಡ್ರೈವರ್."
ನಾನು ಎರಡನ್ನೂ ಬರೆದುಕೊಂಡೆ.

ಅವಳು ಪುಟದ ಮೇಲೆ ಬೆರಳಿಟ್ಟು
ಬಹಳ ಹೊತ್ತು ಏನೂ ಕೇಳಲಿಲ್ಲ.
ಆಮೇಲೆ, "ಇದು ಎಂಥದು, ಕೊನೆಯಲ್ಲಿ?"
ಬಾಕಿ, ಇನ್ನೂರು ಬೈಸ.
ಪರ್ಸಿನಿಂದ ಎರಡು ನಾಣ್ಯ ತೆಗೆದು ಮೇಜಿನ ಮೇಲಿಟ್ಟಳು.

ಬೇಡ ಎನ್ನುತ್ತಾನೆಂದು ನಾವೆಲ್ಲ ಕಾದೆವು.
ಇದಿನಬ್ಬ ಎಣಿಸಿ, ಗಲ್ಲಕ್ಕೆ ಹಾಕಿ,
ಕಿವಿಯ ಹಿಂದಿನ ಪೆನ್ನು ತೆಗೆದು
ಆ ಸಾಲಿನ ಮೇಲೆ ಉದ್ದಕ್ಕೊಂದು ಗೀಟು ಎಳೆದೇಬಿಟ್ಟ.

"ಅಯ್ಯೋ, ಅದು ದಾಖಲೆ! ಅದರ ಮೇಲೆ ಬರೆಯಬಾರದು!"
ನಾಲ್ಕೂ ಕುರ್ಚಿ ಒಟ್ಟಿಗೆ ಕೂಗಿದವು.

"ಲೆಕ್ಕ ಅಂದರೆ ಲೆಕ್ಕ" ಎಂದ ಇದಿನಬ್ಬ,
ಶಾಯಿ ಒಣಗಲೆಂದು ಊದುತ್ತ.