ಪುಟ ಏಳು, ಸಾಲು ಮೂರು

ಅಡುಗೆಕೋಣೆ: ಎರಡು ಟೈಲ್ಸ್ ಟೊಳ್ಳು. ಸಾಮಾನ್ಯ.

ಇಷ್ಟೇ ನಾನು ಬರೆದದ್ದು
ಬಿಕರ್ನಕಟ್ಟೆಯ ಆ ಮನೆಯಲ್ಲಿ, ಏಪ್ರಿಲ್ ಹನ್ನೊಂದಕ್ಕೆ,
ಬೆವರು ಒರೆಸಿಕೊಳ್ಳುತ್ತ, ಬೈಕಿನ ಸೀಟಿನ ಮೇಲೆ ಕಾಗದವಿಟ್ಟು.
ಒಟ್ಟು ಹದಿನಾಲ್ಕು ಪುಟ. ಫೀಸು ನಾಲ್ಕು ಸಾವಿರದ ಐನೂರು.
ಕೊನೆಯ ಪುಟದ ಬುಡದಲ್ಲಿ ಇರುವೆಸಾಲಿನಂಥ ಅಕ್ಷರ:
ಕಣ್ಣಿಗೆ ಕಾಣದ್ದಕ್ಕೆ ನಾವು ಜವಾಬ್ದಾರರಲ್ಲ.

ಮುರಕಲ್ಲಿನ ಗೋಡೆ ಗಟ್ಟಿ. ಹಂಚಿನಡಿಯ ಪಕ್ಕಾಸು ಬಡಿದೆ,
ಗೆದ್ದಲಿರಲಿಲ್ಲ. ಸಾರಣೆಯ ಚೂರೊಂದನ್ನು ನಾಲಗೆಗಿಟ್ಟೆ,
ಕಡಲ ಹೊಯಿಗೆಯ ಉಪ್ಪಿರಲಿಲ್ಲ. ಇದು ಮೇಸ್ತ್ರಿಯೊಬ್ಬರು ಕಲಿಸಿದ್ದು,
ಯಾವ ಕಾಲೇಜೂ ಅಲ್ಲ.
ಆಮೇಲೆ ಅಡುಗೆಕೋಣೆ. ಕೋಲಿನ ತುದಿಯಿಂದ
ಟಕ್, ಟಕ್, ಟಕ್,
ಸಿಂಕಿನ ಎದುರು ಮಾತ್ರ
ಡಬ್.

ಟೈಲಿನ ಟೊಳ್ಳಿಗೆ ಅದರದ್ದೇ ಸದ್ದುಂಟು,
ಹಪ್ಪಳ ತಟ್ಟಿದ ಹಾಗೆ. ಇದು ಹಾಗಿರಲಿಲ್ಲ.
ಇನ್ನೂ ಕೆಳಗಿನಿಂದ ಬಂತು,
ಮುಚ್ಚಿದ ಬಾಗಿಲಾಚೆ ಯಾರೋ ಹೂಂ ಅಂದ ಹಾಗೆ.
ಮೂರು ಗಂಟೆಗೆ ಸುರತ್ಕಲ್ಲಿನಲ್ಲಿ ಇನ್ನೊಂದು ಮನೆಯಿತ್ತು.
ಸಾಮಾನ್ಯ ಎಂದು ಬರೆದೆ.

ಆಗಸ್ಟಿನಲ್ಲಿ ಶಶಿಪ್ರಭಾ ಕೋಟ್ಯಾನ್ ಅವರ ಫೋನು:
ಗ್ರೈಂಡರು ಒಂದು ಕಡೆಗೆ ವಾಲ್ತಾ ಉಂಟು, ಬಂದು ನೋಡಿ.
ಹೋದೆ. ಗ್ರೈಂಡರಲ್ಲ,
ನೆಲವೇ ಬಟ್ಟಲಾಗಿತ್ತು. ಹಾರೆ ಹಾಕಿಸಿದರು.
ಟೈಲಿನಡಿ ಸಿಮೆಂಟು, ಸಿಮೆಂಟಿನಡಿ ಕೆಂಪು ಮಣ್ಣು,
ಒಡೆದ ಹಂಚು, ತೆಂಗಿನ ಸಿಪ್ಪೆ, ಒಂದೇ ಒಂದು ಹವಾಯಿ ಚಪ್ಪಲಿ,
ಇವೆಲ್ಲದರ ಸುತ್ತ
ದುಂಡಗೆ ಕಟ್ಟಿದ ಕಲ್ಲು.

ಬೇಲಿಯಾಚೆ ಕಾರ್ಮಿನ್ ಬಾಯಿ ಬಟ್ಟೆ ಹಿಂಡುತ್ತಿದ್ದರು.
ಬಾವಿಯಲ್ವಾ ಅದು! ಸಿಹಿ ನೀರು. ನಾವೆಲ್ಲ ಅಲ್ಲಿಂದಲೇ ಸೇದಿದ್ದು.
ಮತ್ತೆ ಹೇಳಲಿಲ್ಲ ಯಾಕೆ ಬಾಯಮ್ಮ?
ನೀವು ಗೋಡೆ ಹತ್ರ ಕೇಳಿದ್ರಿ ಮಾರಾಯ್ರೆ,
ನನ್ನ ಹತ್ರ ಕೇಳಲಿಲ್ಲ.

ಮಾರಿದವ ದಮಾಮಿನಲ್ಲಿ. ನೋಟಿಸು ಅಲ್ಲಿಯವರೆಗೆ ಹೋಗಿ ಹಿಂದೆ ಬಂತು.
ಉಳಿದವನು ನಾನು. ಗ್ರಾಹಕರ ಆಯೋಗದಲ್ಲಿ
ಅವರು ದೂರುದಾರೆ, ನಾನು ಎದುರುದಾರ,
ಹೊರಗೆ ಇದ್ದದ್ದು ಒಂದೇ ಬೆಂಚಾದ್ದರಿಂದ ಪಕ್ಕಪಕ್ಕ.
ನನ್ನ ವಕೀಲರು ಇರುವೆಸಾಲನ್ನು ದೊಡ್ಡ ದನಿಯಲ್ಲಿ ಓದಿದರು.
ಆಕೆಯ ವಕೀಲರು, ಇದು ಇರುಳು ಕಂಡ ಬಾವಿಗೆ
ಹಗಲು ಬಿದ್ದವರ ಕಥೆ ಸ್ವಾಮಿ, ಎಂದರು. ಯಾರೂ ನಗಲಿಲ್ಲ.
ಹನ್ನೊಂದು ಲಕ್ಷದ ಕಡತದ ಮೇಲೂ
ನಾಲ್ಕೂವರೆ ಸಾವಿರದ ರಸೀದಿಯ ಮೇಲೂ
ಫ್ಯಾನು ಒಂದೇ ಗಾಳಿ ಬೀಸುತ್ತಿತ್ತು.

ಊಟದ ಬಿಡುವಿನಲ್ಲಿ ಆಕೆ, ಟಿಫಿನ್ನಿನ ಮುಚ್ಚಳ ತಿರುಗಿಸುತ್ತ,
ನನ್ನತ್ತ ನೋಡದೆ:
ನಾನೂ ರಿಪೋರ್ಟು ಬರೆಯುವವಳೇ. ಲ್ಯಾಬಿನಲ್ಲಿ, ಹತ್ತೊಂಬತ್ತು ವರ್ಷ.
ಸಂಶಯ ಬಂದರೆ ಇನ್ನೊಮ್ಮೆ ರಕ್ತ ತೆಗೀತೇನೆ.
ನಿಮಗೆ ಬಂದಿತ್ತಾ?

ವಕೀಲರು ಕೆಮ್ಮಿದರು.
ನಾನು ಮಜ್ಜಿಗೆ ಕುಡಿದೆ.

ತೀರ್ಪಾಯಿತು: ಫೀಸು ವಾಪಸು, ಖರ್ಚಿಗೆ ಎರಡು ಸಾವಿರ.
ಗೆದ್ದೆವು, ಎಂದು ವಕೀಲರು ಕೈ ಕುಲುಕಿದರು.
ಅವರ ಅಂಗೈ ಒಣಗಿತ್ತು, ನನ್ನದು ಒದ್ದೆ.

ಈಗ ಯಾವ ಮನೆಗೆ ಹೋದರೂ ಮೊದಲು
ಬೇಲಿಯಾಚೆ ಬಟ್ಟೆ ಒಗೆಯುವವರು ಯಾರೆಂದು ನೋಡುತ್ತೇನೆ.
ಎಷ್ಟೋ ಕಡೆ ಬೇಲಿಯಿಲ್ಲ, ಕಾಂಪೌಂಡು,
ಅದರಾಚೆ ಒಂದು ಕ್ಯಾಮೆರಾ.

ಹಗಲು ಕೇಳಿದ ಬಾವಿಗೆ
ಇರುಳು ಬೀಳುವವನು ನಾನೊಬ್ಬನೇ ಇರಬೇಕು.
ನಿನ್ನೆ ಎರಡು ಗಂಟೆಗೆ ಎದ್ದು, ದೀಪ ಹಾಕದೆ,
ನಮ್ಮದೇ ಅಡುಗೆಕೋಣೆಯಲ್ಲಿ ಮೊಣಕಾಲೂರಿ, ಬೆರಳ ಗೆಣ್ಣಿನಿಂದ
ಟಕ್, ಟಕ್,

ಒಳಗಿನಿಂದ ಹೆಂಡತಿ, ನಿದ್ದೆಗಂಟಲಲ್ಲಿ:
ಯಾರದು?